ಬೋರ್ಡಿನ ಎರಡನೇ ಸಾಲು

ಬೀದಿಯವರಿಗೆಲ್ಲ ಅವಳು ಸೂಜಿಯಕ್ಕ. ಅವಳ ಹೊಲಿಗೆ ಅಂಗಡಿಯ ಎದುರಿಗೇ ಸಿದ್ಧ ಉಡುಪಿನ ದೊಡ್ಡ ಅಂಗಡಿ ತೆರೆದಿತ್ತು. ಆ ಗಾಜಿನ ಬಾಗಿಲು ತೆರೆದಾಗಲೆಲ್ಲ ಒಳಗಿನ ಹಾಡು ಬೀದಿಗೆ ಬರುತ್ತಿತ್ತು, ಹೊಲಿಗೆ ಯಂತ್ರದ ಮೇಲಿನ ಅವಳ ಕಾಲು ಲಯ ತಪ್ಪುತ್ತಿತ್ತು. ಹಳೇ ಗಿರಾಕಿಗಳು ಎದುರಿನ ಅಂಗಡಿಯ ಚೀಲ ಹಿಡಿದು, ಇವಳ ಕಣ್ಣು ತಪ್ಪಿಸಿ ನಡೆದುಬಿಡುತ್ತಿದ್ದರು.

ಹೊಸ ಬೋರ್ಡು ಬರೆಸೋಣ ಎಂದವನು ಗಂಡ. ಬಣ್ಣದ ಡಬ್ಬ ಹಿಡಿದು ಬಂದ ಬೋರ್ಡಿನವನು ಏಣಿಗೆ ಒರಗಿ ಕೇಳಿದ:

“ಹೆಸರಾಯ್ತು ಅಕ್ಕ. ಕೆಳಗೇನು ಬರೀಲಿ? ನಿಮ್ಮಲ್ಲಿ ಮಾತ್ರ ಸಿಗೋದು ಏನು?”

“ಚೆನ್ನಾಗಿ ಹೊಲೀತೀನಲ್ಲ.”

“ಎಲ್ಲರೂ ಅದನ್ನೇ ಬರೆಸ್ತಾರೆ. ಕೆಟ್ಟದಾಗಿ ಹೊಲೀತೀವಿ ಅಂತ ಯಾರು ಬರೆಸ್ತಾರೆ ಹೇಳಿ?”

ಅವಳು ನಕ್ಕಳು. ಆದರೆ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಉತ್ತರ ಹೊಳೆಯದಿದ್ದರೆ, ಅಂಥದ್ದೇನೂ ತನ್ನಲ್ಲಿ ಇಲ್ಲವೆಂದೇ ಅಲ್ಲವೇ?

ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆ ಇರುತ್ತಿದ್ದಳು. ಪಾರ್ಶ್ವವಾಯು ಬಡಿದು ಅವಳ ಬಲಗೈ ಸ್ವಾಧೀನ ತಪ್ಪಿತ್ತು. ಬೆಳಿಗ್ಗೆ ಸೊಸೆ ಅಂಗಿ ತೊಡಿಸುವಾಗ ಮುದುಕಿ ಗೋಡೆಯತ್ತ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ಸೂಜಿಯಕ್ಕ ಹಲವು ಅಂಗಿಗಳನ್ನು ಕತ್ತರಿಸಿ, ಕೆಡಿಸಿ, ಕೊನೆಗೊಂದನ್ನು ಹೊಲಿದಿದ್ದಳು. ಮೇಲೆ ನೋಡಲು ಗುಂಡಿಗಳು, ಅವುಗಳ ಹಿಂದೆ ಒತ್ತಿದರೆ ಅಂಟುವ ಪಟ್ಟಿ. ತೋಳಿನ ಪಕ್ಕ ಪೂರ್ತಿ ಬಿಚ್ಚುತ್ತಿತ್ತು. ಅದನ್ನು ಅತ್ತೆ ಎಡಗೈಯೊಂದರಲ್ಲೇ ತೊಟ್ಟುಕೊಂಡಿದ್ದಳು.

ಗಂಡ ಹೇಳಿದ, “ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೀತಿದ್ದೀಯಲ್ಲೇ! ಅದನ್ನೇ ಬರೆಸು.”

ಬರೆಸಿದಳು: ‘ಪಾರ್ಶ್ವವಾಯು ಪೀಡಿತರಿಗೆ ವಿಶೇಷ ಉಡುಪು’.

ಒಬ್ಬರೂ ಬರಲಿಲ್ಲ. ಕೋಲೂರಿಕೊಂಡು ಬಂದವರೊಬ್ಬರು ಬೋರ್ಡು ಓದಿ, ಇದ್ದಷ್ಟು ಬಲ ಒಟ್ಟುಗೂಡಿಸಿ ಬೇಗ ಬೇಗ ದಾಟಿಹೋದರು. ಪರದೆಗೆ ಅಂಚು ಹೊಲಿಸುತ್ತಿದ್ದ ಪಕ್ಕದ ಮನೆಯಾಕೆ, “ಈಗ ಬರೀ ಆಸ್ಪತ್ರೆ ಬಟ್ಟೆನಾ?” ಎಂದು ಹೊಸಿಲಲ್ಲೇ ನಿಂತಳು. ಇದ್ದ ಗಿರಾಕಿಗಳನ್ನೂ ಕೈಯಾರೆ ಓಡಿಸಿದೆನೇ ಎಂದು ಸೂಜಿಯಕ್ಕ ಹಳಹಳಿಸಿದಳು.

ಅತ್ತೆಯಂತೂ ಆ ಅಂಗಿಯನ್ನೇ ಬಿಟ್ಟಳು.

“ನನ್ನ ಕೈ ಬಿದ್ದಿದ್ದನ್ನ ಬಾಗಿಲಿಗೆ ತೂಗುಹಾಕಿದ್ದೀಯಲ್ಲ!”

“ಮತ್ತೇನು ಬರೆಸ್ಬೇಕಿತ್ತು ಅತ್ತೆ? ನನಗಂತೂ ತಲೆ ಕೆಟ್ಟುಹೋಗಿದೆ.”

“ನಾನೇನು ರೋಗದ ಅಂಗಿ ಕೇಳಿದ್ನಾ? ನನ್ನ ಬಟ್ಟೆ ನಾನೇ ಹಾಕ್ಕೋಬೇಕು ಅಂದೆ. ಅಷ್ಟೇ.”

ಸೂಜಿಯಕ್ಕ ಅವಳ ಪಕ್ಕ ಕೂತಳು. “ಅದನ್ನೇ ಬರೆಸ್ಲಾ?”

ಮುದುಕಿ ಅವಳತ್ತ ಮುಖ ತಿರುಗಿಸಿದಳು. “ಬರೆಸು. ಕೆಳಗೆ ನನ್ನ ಹೆಸರು ಮಾತ್ರ ಹಾಕಿಸ್ಬೇಡ.”

‘ನಿಮ್ಮ ಬಟ್ಟೆ ನೀವೇ ಹಾಕಿಕೊಳ್ಳಿ’ ಎಂಬ ಹೊಸ ಸಾಲು ಕೇಳಿ, ಹಳೆಯದನ್ನು ಅಳಿಸಿ ನಿಂತಿದ್ದ ಬೋರ್ಡಿನವನು ಕುಂಚ ಇಳಿಸಿದ. “ಮತ್ತಿನ್ಯಾರು ಹಾಕ್ತಾರೆ ಅಕ್ಕ? ಜನ ನಗ್ತಾರೆ.”

“ನಗೋರು ನಗ್ಲಿ. ಬೇರೆಯವರ ಕೈಲಿ ಹಾಕಿಸ್ಕೊಳ್ಳೋರಿಗೆ ಅರ್ಥ ಆಗುತ್ತೆ.”

ಹಾಗೆ ಹೇಳಿದಳೇನೋ ನಿಜ, ಆಮೇಲೆ ದಾರಿಯಲ್ಲಿ ಯಾರು ನಕ್ಕರೂ ಬೋರ್ಡು ನೋಡಿಯೇ ನಕ್ಕರೇನೋ ಎಂದು ಇಣುಕುತ್ತಿದ್ದಳು.

ಒಂದು ಮಧ್ಯಾಹ್ನ ಹೆಂಗಸೊಬ್ಬಳು ಬೋರ್ಡು ಓದಿ ಹೋದಳು. ಮಾರನೆಯ ದಿನ ಗಂಡನನ್ನು ಕರೆತಂದಳು. ಲಾರಿ ಓಡಿಸುತ್ತಿದ್ದ ಗಟ್ಟಿಮುಟ್ಟಾದ ಆಳು, ಈಗ ಬಲಗೈ ಜೋತುಬಿದ್ದಿತ್ತು. ಅವನು ಮಾದರಿ ಅಂಗಿ ತೆಗೆದುಕೊಂಡು ಪರದೆಯ ಹಿಂದೆ ಹೋದ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಏನೋ ಗೋಡೆಗೆ ಬಡಿದ ಸದ್ದು.

“ನಾನು ಒಳಗೆ ಹೋಗ್ಲಾ?” ಹೆಂಡತಿ ಎದ್ದಳು.

ಸೂಜಿಯಕ್ಕ ಅವಳ ಮೊಣಕೈ ಹಿಡಿದಳು. “ಇರಿ, ಕರೀಲಿ.” ಪಟ್ಟಿ ಬಿಟ್ಟುಕೊಂಡಿತೋ, ತೋಳು ಸಿಕ್ಕಿಕೊಂಡಿತೋ ಎಂದು ಅವಳೂ ಪರದೆಯತ್ತಲೇ ಕಿವಿಗೊಟ್ಟಿದ್ದಳು.

ಪರದೆ ಸರಿಯಿತು. ಕಾಲರ್ ಒಂದು ಕಡೆ ಒಳಗೆ ಮಡಿಚಿಕೊಂಡಿತ್ತು. ಸರಿಪಡಿಸಲು ಹೆಂಡತಿಯ ಕೈ ಮೇಲೆದ್ದಿತು. ಅವನು ಕನ್ನಡಿ ನೋಡಿ, ಎಡಗೈಯಿಂದ ತಾನೇ ಎಳೆದುಕೊಂಡ.

“ಬಿಳೀದೊಂದು ಹೊಲೀರಿ,” ಎಂದ. “ಮಗಳ ಮನೆಗೆ ಹೋಗ್ಬೇಕು.”

ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿತು, ಅಂಗಡಿ ಉಳಿಯಿತು. ಸೂಜಿಯಕ್ಕನ ದಿಗಿಲು ಮಾತ್ರ ಪೂರ್ತಿ ಹೋಗಲಿಲ್ಲ. “ನಾಳೆ ಎದುರಿನವರೂ ಇದನ್ನೇ ಮಾರಿದ್ರೆ?” ಎಂದು ಗಂಡನನ್ನು ಕೇಳುತ್ತಿದ್ದಳು.

ಒಳಗಿನಿಂದ ಅತ್ತೆಯೇ ಉತ್ತರ ಕೊಡುತ್ತಿದ್ದಳು: “ಮಾರ್ಲಿ ಬಿಡು. ಪರದೆ ಹೊರಗೆ ಸುಮ್ನೆ ಕಾಯೋಕೆ ಅವರಿಗೆ ಎಲ್ಲಿದೆ ವ್ಯವಧಾನ?”