ಬಾಣಂತಿಗೆ ಬಡಿಸಿದ ಹಿತಕಿದಬೇಳೆ ಸಾರು

ಚಳಿಗಾಲದ ಅಡುಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾಯಿಯ ಕೈರುಚಿಯನ್ನು ನೆನೆಯುತ್ತಾರೆ. ನಾನು ನನ್ನ ಕೈಯ ಅಡುಗೆಯನ್ನೇ ನೆನೆಯಬೇಕಾಗಿದೆ, ಅದೂ ಹೆಮ್ಮೆಯಿಂದಲ್ಲ.

ಹೆಂಡತಿ ತೀರಿಕೊಂಡ ಮೇಲೆ ಬಂಗಾರಪೇಟೆ ಪಕ್ಕದ ಹಳ್ಳಿಯ ನಮ್ಮ ಮನೆಯಲ್ಲಿ ಒಲೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು, ಸೌದೆ ಒಟ್ಟುತ್ತಿದ್ದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡವನು ನಾನು. ಹಾಗೆ ಓದಿದವರಿಗೆ ಒಂದು ಚಾಳಿ ಅಂಟುತ್ತದೆ: ಯಾರು ಏನು ಹೇಳಿದರೂ ಆಧಾರ ಕೇಳುವುದು. ಕೋರಮಂಡಲ್ ಗಣಿಯ ತಳದಲ್ಲಿ ಇನ್ನೂ ಬೇಕಾದಷ್ಟು ಚಿನ್ನವಿದೆ ಎಂದು ಟೀ ಅಂಗಡಿಯಲ್ಲಿ ಯಾರಾದರೂ ಹೇಳಿದರೆ, ಕಂಡವರು ಯಾರು ಎಂದು ಕೇಳಿ ಅವರ ಟೀ ಕೆಡಿಸುತ್ತಿದ್ದೆ. ಈ ಚಾಳಿಯನ್ನು ಎಲ್ಲರಿಗಿಂತ ಹೆಚ್ಚು ಸಹಿಸಿದವಳು ನನ್ನ ಅಕ್ಕ. ಗಣಿ ಕಾರ್ಮಿಕನನ್ನು ಮದುವೆಯಾಗಿ ಉರಿಗಾಂನ ಕಾರ್ಮಿಕರ ಲೈನ್ ಮನೆ ಸೇರಿದ ಅವಳು, ಅಲ್ಲಿ ಎಷ್ಟೋ ಬಾಣಂತಿಯರಿಗೆ ಎಣ್ಣೆ ಒತ್ತಿ ನೀರು ಹಾಕಿದವಳು. ಅವಳ ಅನುಭವಕ್ಕೂ ನನ್ನ ಪುಸ್ತಕಗಳಿಗೂ ನಲವತ್ತು ವರ್ಷಗಳ ವ್ಯಾಜ್ಯವಿತ್ತು.

ಐದು ಚಳಿಗಾಲಗಳ ಹಿಂದೆ ನನ್ನ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ತಾಯಿಯಿಲ್ಲದ ಹುಡುಗಿ ಎಂದು ಅಕ್ಕನೇ ಬಂದು ಬಾಣಂತನಕ್ಕೆ ನಿಂತಳು. ಅಡುಗೆ ನನ್ನದು, ಪಥ್ಯದ ಅಪ್ಪಣೆ ಅವಳದು. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಬಿಸಿ ಅನ್ನದ ಮೇಲೆ ತುಪ್ಪ. ಅವರೆಕಾಯಿ ಮಾತ್ರ ಕೂಡದು. ತಾಯಿ ತಿಂದರೆ ಮಗುವಿಗೆ ಹೊಟ್ಟೆನುಲಿ ಬರುತ್ತದೆ ಎಂಬುದು ಅವಳ ಖಚಿತ ಮಾತು.

ಅದು ಅವರೆಯ ಕಾಲ. ಇಬ್ಬನಿ ಕುಡಿದ ಕಾಯಿಯ ಸೊಗಡು ಊರಿನ ಪ್ರತಿ ಮನೆಯ ಒಲೆಯಿಂದಲೂ ಬರುತ್ತಿತ್ತು. ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕುಳಿತ ಮಗಳು ಏನನ್ನೂ ಕೇಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಉಸಿರೆಳೆದುಕೊಳ್ಳುತ್ತಿದ್ದಳು, ಅಷ್ಟೆ. ಅಕ್ಕ ಯಾವುದೋ ತಿಥಿಯೂಟಕ್ಕೆಂದು ಬೆಳಗಿನ ರೈಲಿನಲ್ಲಿ ಉರಿಗಾಂಗೆ ಹೋದ ದಿನ ನನ್ನ ತರ್ಕ ತಲೆಯೆತ್ತಿತು. ಅವರೆ ಸುಲಿದು, ಕಾಳು ನೆನೆಸಿ, ಒಂದೊಂದಾಗಿ ಬೆರಳ ನಡುವೆ ಹಿತಕಿದೆ. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ನುಣ್ಣಗೆ ಪಾತ್ರೆಗೆ ಜಾರುತ್ತಿತ್ತು. ತೆಂಗಿನಕಾಯಿ, ಶುಂಠಿ, ಕೊತ್ತಂಬರಿ, ಎರಡು ಲವಂಗ ರುಬ್ಬಿ ಸಾರು ಮಾಡಿದೆ. ನನ್ನ ಹೆಂಡತಿ ಮಾಡುತ್ತಿದ್ದುದಕ್ಕೆ ಅಷ್ಟು ಹತ್ತಿರ ನಾನು ಹಿಂದೆಂದೂ ಬಂದಿರಲಿಲ್ಲ.

ಮಗಳು ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. "ಬ್ಯಾಡಪ್ಪ, ಅತ್ತೆಗೆ ಗೊತ್ತಾದ್ರೆ ಸುಮ್ಕಿರಲ್ಲ."

"ತಿನ್ನು. ಕೇಳಿದ್ರೆ ನಾನು ಯೋಳ್ತೀನಿ," ಎಂದೆ.

ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಅವಳ ತಾಯಿ ಸತ್ತ ಮೇಲೆ ಅವಳು ಹಾಗೆ ಉಂಡದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಅಕ್ಕ ಹಿಂತಿರುಗುವ ಹೊತ್ತಿಗೆ ಮಗು ಕಾಲು ಮಡಿಚಿಕೊಂಡು, ಮುಖ ಕೆಂಪಾಗಿಸಿಕೊಂಡು ಅಳುತ್ತಿತ್ತು. ಅಕ್ಕ ಮಗುವಿನ ಹೊಟ್ಟೆ ಮುಟ್ಟಿ ನೋಡಿದಳು. ಆಮೇಲೆ ಮಗಳ ಬಲಗೈಯನ್ನು ಎಳೆದು ಮೂಗಿಗೆ ಹಿಡಿದಳು. ಎಷ್ಟು ತೊಳೆದರೂ ಬೆರಳಿನಿಂದ ಅವರೆಯ ಸೊಗಡು ಹೋಗುವುದಿಲ್ಲ.

"ಮಗೀಗಿಂತ ನಾಲ್ಗೆ ಎಚ್ಚಾಯ್ತೇನೆ ನಿಂಗೆ? ಅಪ್ಪ ತನ್ಗೆ ಅಂತ ಮಾಡ್ಕೊಂಡಿದ್ದನ್ನ ಬಗ್ಗಿಸ್ಕೊಂಡು ತಿಂದಿದ್ದೀಯಲ್ಲ."

ಮಗಳು ನನ್ನನ್ನು ನೋಡಿದಳು. ನಾನು ಒಲೆಯ ಮುಂದೆ ಕುಳಿತಿದ್ದೆ. ಬಗ್ಗಿ ಸೌದೆಯನ್ನು ಒಳಕ್ಕೆ ತಳ್ಳಿದೆ. ಆ ಸೌದೆ ಚೆನ್ನಾಗಿಯೇ ಉರಿಯುತ್ತಿತ್ತು, ತಳ್ಳುವ ಅಗತ್ಯವಿರಲಿಲ್ಲ. ಅಕ್ಕನ ಕೋಪ ಆರಿದ ಮೇಲೆ, ನಾಳೆ ಹೇಳೋಣ ಎಂದುಕೊಂಡೆ. ಮಗು ಮತ್ತೆ ಮೂರು ಸಂಜೆ ಅತ್ತಿತು, ನಾಲ್ಕನೆಯ ದಿನ ಸುಮ್ಮನಾಯಿತು, ನಾನು ಸುಮ್ಮನೆಯೇ ಉಳಿದೆ. ನಲವತ್ತು ವರ್ಷದ ವಾದದಲ್ಲಿ ಅಕ್ಕನಿಗೆ ಸೋಲುವುದು ನನ್ನಿಂದಾಗಲಿಲ್ಲ ಎಂಬುದೇ ಅದರ ಕಾರಣ.

ಮಗುವಿನ ಅಳುವಿಗೆ ಅವರೆಯೇ ಕಾರಣವೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಹಿಂದಿನ ಸಂಜೆಯೂ ಅದು ಅತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ನನ್ನ ತಪ್ಪು ಸಾರಿನಲ್ಲಿಲ್ಲ. ಜನರ ಮಾತನ್ನೆಲ್ಲ ಅನುಮಾನಿಸುತ್ತಿದ್ದ ನಾನು, ಒಂದು ಸುಳ್ಳು ನನ್ನ ಮನೆಯಲ್ಲೇ ಹುಟ್ಟಿ, ಅಕ್ಕನ ಬಾಯಿಂದ ಬೀಗರ ಮನೆಗೆ ನಡೆದುಹೋಗುವುದನ್ನು ಕಣ್ಣಾರೆ ಕಂಡೂ ತಡೆಯಲಿಲ್ಲ. ನಮ್ಮ ಸೊಸೆಗೆ ಬಾಯಿ ಕಟ್ಟಲಾಗದು ಎಂದು ಬೀಗಿತ್ತಿ ನೆಂಟರ ನಡುವೆ ನಗುತ್ತಲೇ ಹೇಳುತ್ತಿದ್ದರು. ಮಗಳೂ ಜೊತೆಗೆ ನಗುತ್ತಿದ್ದಳಂತೆ.

ಈ ಸಲ ಎರಡನೆಯ ಹೆರಿಗೆ. ಬಾಣಂತನ ತಮ್ಮಲ್ಲೇ ಆಗಲಿ, ತವರಿಗೆ ಕಳಿಸುವುದಿಲ್ಲ ಎಂದು ಬೀಗಿತ್ತಿ ಹೇಳಿಕಳಿಸಿದರು. ನಾನು ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕಾಫಿ ಲೋಟವನ್ನು ನನ್ನತ್ತ ಸರಿಸಿದರು.

"ಮಗಳಿಗೋಸ್ಕರ ಯಾವ ತಂದೆಯಾದ್ರೂ ಇಂಗೇ ಯೋಳ್ತಾರೆ ಬೀಗ್ರೇ. ನಿಮ್ಮಕ್ಕ ಯೋಳ್ಲಿ, ನಂಬ್ತೀನಿ."

ಅವರನ್ನು ತಪ್ಪೆನ್ನಲಾರೆ. ಅವರ ಜಾಗದಲ್ಲಿದ್ದರೆ ನಾನೂ ಆಧಾರ ಕೇಳುತ್ತಿದ್ದೆ.

ಮಾರನೆಯ ದಿನ ಉರಿಗಾಂಗೆ ಹೋದೆ. ಅಕ್ಕ ಬಾಗಿಲ ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದಳು. ಮಂಡಿ ನೋವಿನಿಂದ ಅವಳೀಗ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಮನೆಯವಳೊಂದಿಗೆ ತಮಿಳಿನಲ್ಲಿ ನಡೆಯುತ್ತಿದ್ದ ಮಾತು ಮುಗಿಯುವವರೆಗೆ ಕಾದು, ಎಲ್ಲವನ್ನೂ ಹೇಳಿದೆ.

"ಅಂಗಾದ್ರೆ ನಾನು ಆ ಉಡುಗೀನ ಸುಮ್ಸುಮ್ನೆ ಬೈದ್ನಲ್ಲೋ," ಎಂದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಫೋನ್ ಮಾಡ್ತೀನಿ. ಅದ್ಕೂ ಮುಂಚೆ ಒಂದು ಮಾತು. ಮಗು ಅತ್ತಿದ್ದು ಅವರೇಕಾಯಿಂದಾನೇ. ಒಪ್ಕೋ."

ಸಾರು ಮಾಡಿದ ಹಿಂದಿನ ಸಂಜೆಯೂ ಮಗು ಅತ್ತಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು.

"ಒಪ್ಕೊಂಡೆ ಕಣಕ್ಕ," ಎಂದೆ.

ಅವಳು ನನ್ನೆದುರಿಗೇ ಬೀಗಿತ್ತಿಗೆ ಫೋನ್ ಮಾಡಿ, ತಪ್ಪೆಲ್ಲ ನಮ್ಮುಡುಗಂದು ಎಂದಳು. ಆ ಹುಡುಗನಿಗೆ ಅರವತ್ತೆಂಟು ವರ್ಷ.

ಮಗಳು ಬಂದಿದ್ದಾಳೆ. ಎರಡನೆಯದು ಹೆಣ್ಣು, ಹದಿನಾರು ದಿನದ ಕೂಸು. ಈ ಸಲ ಅಡುಗೆ, ಪಥ್ಯ ಎರಡೂ ನನ್ನದೇ; ನೀರು ಹಾಕಲು ಮಾತ್ರ ಊರಿನ ಹೆಂಗಸೊಬ್ಬರು ಬರುತ್ತಾರೆ. ಮೊದಲ ದಿನವೇ ಮಗಳ ಬಳಿ ಆವತ್ತಿನ ಮಾತೆತ್ತಿದೆ, ನಾನು ಬಾಯಿ ಬಿಡಬೇಕಿತ್ತು ಎಂದೆ. ಅನ್ನ ಆರೋಗ್ತದೆ, ಹಾಕಪ್ಪ ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ.

ನಿನ್ನೆ ಮಧ್ಯಾಹ್ನ ಎಳೆ ಹೀರೇಕಾಯಿಗೆ ಮೆಣಸು ಹಾಕಿ ಮೆತ್ತಗೆ ಬೇಯಿಸಿ, ಬಿಸಿ ಅನ್ನದ ಜೊತೆ ತಂದೆ. ಅವಳು ತಟ್ಟೆಯನ್ನು ನೋಡಿ, "ಇದನ್ನ ತಿನ್ಬೌದಾ ಅಂತ ಅತ್ತೇನ ಕೇಳಿದ್ಯಾ?" ಎಂದಳು.

ಕೇಳಿದೆ ಎಂದೆ. ನಿಜವಾಗಿಯೂ ಕೇಳಿದ್ದೆ.

ಅವಳು ತಲೆಯಾಡಿಸಿ, ದಿಂಬಿನ ಪಕ್ಕದ ಫೋನ್ ಎತ್ತಿಕೊಂಡು ತಾನೇ ಅಕ್ಕನಿಗೆ ಕರೆ ಮಾಡಿದಳು. ಅವರ ಮಾತು ಮುಗಿಯುವವರೆಗೆ ನಾನು ತಟ್ಟೆ ಹಿಡಿದುಕೊಂಡು ನಿಂತಿದ್ದೆ.