ಹೂವಮ್ಮನ ಹಲ್ಲು ಸಾದಾ ಗಾಯವಲ್ಲ

ದೂರು ಕೊಟ್ಟ ದಿನವೇ ಎಫ್‌ಐಆರ್ ಹಾಕುತ್ತೇವೆ ಎಂದರು ಪೊಲೀಸರು, ಹಾಕಲಿಲ್ಲ. ಡಾಕ್ಟರ ಚೀಟಿ ತಂದರೆ ಹಾಕುತ್ತೇವೆ ಎಂದರು. ತಂದುಕೊಟ್ಟೆವು, ಆಗಲೂ ಹಾಕಲಿಲ್ಲ.

ಗೆಳೆಯರೇ, ಹುಂಚದ ಕಡೆಯ ಹೂವಮ್ಮ ತಮ್ಮ ಅರ್ಧ ಎಕರೆ ಗದ್ದೆಗೆ ಕಲ್ಲುಕ್ವಾರಿಯ ಲಾರಿ ನುಗ್ಗಿಸಬೇಡಿ ಎಂದು ಅಡ್ಡ ನಿಂತರು. ಕ್ವಾರಿ ಯಜಮಾನ ಅವರ ಬಾಯಿಗೆ ಗುದ್ದಿದ. ಒಂದು ಹಲ್ಲು ಮುರಿದು ಬಿತ್ತು. ಇವತ್ತು ಮೂರನೇ ಸಲ ಅವರ ಜೊತೆ ಠಾಣೆಗೆ ಹೋಗಿದ್ದೆ.

"ಇದು ಸಾದಾ ಗಾಯ ಕಣಮ್ಮ. ಕೋರ್ಟ್ ಹೇಳ್ದೆ ನಾವು ತನಿಖೆ ಮಾಡಂಗಿಲ್ಲ. ರಾಜಿ ಮಾಡ್ಕಳಿ" ಎಂದರು ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು.

ನಾನು ಭಾರತೀಯ ನ್ಯಾಯ ಸಂಹಿತೆಯ ಪುಸ್ತಕ ತೆರೆದು ಓದಿದೆ. ಮೂಳೆ ಮುರಿದರೂ ಹಲ್ಲು ಮುರಿದರೂ ಅದು ತೀವ್ರ ಗಾಯ. ಅದಕ್ಕೆ ಕೋರ್ಟಿನ ಅಪ್ಪಣೆ ಬೇಕಿಲ್ಲ, ಪೊಲೀಸರೇ ಎಫ್‌ಐಆರ್ ಹಾಕಬೇಕು.

ಸಾಹೇಬರು ಹೂವಮ್ಮನ ಕಡೆ ತಿರುಗಿದರು. "ವಯಸ್ಸಾಯ್ತಲ್ಲ, ಹಲ್ಲು ಮೊದ್ಲೇ ಅಲ್ಲಾಡ್ತಿತ್ತೇನೋ."

ಹೂವಮ್ಮ ಎಲೆಯಡಿಕೆ ಚೀಲ ಬಿಚ್ಚಿ, ಮುರಿದ ಹಲ್ಲನ್ನೂ ಒಂದು ಒಣ ಅಡಿಕೆಯನ್ನೂ ಮೇಜಿನ ಮೇಲಿಟ್ಟರು. "ಅವತ್ತು ಬೆಳಿಗ್ಗೆ ಇಂಥದ್ದನ್ನ ಈ ಹಲ್ಲಲ್ಲೇ ಕಡ್ದಿದ್ದೆ ಸ್ವಾಮಿ. ನೀವೊಂದ್ ಸಲ ಕಡ್ದು ತೋರ್ಸಿ, ನಾ ರಾಜಿಗೆ ಬತ್ತೀನಿ."

ಸಾಹೇಬರು ಅಡಿಕೆ ಮುಟ್ಟಲಿಲ್ಲ. "ಮೇಲಿನೋರನ್ನ ಕೇಳ್ಬೇಕು, ಗುರುವಾರ ಬನ್ನಿ" ಎಂದರು.

ಬರುತ್ತೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನವರು ಬನ್ನಿ. ಸಾಹೇಬರು ಮನಸ್ಸು ಮಾಡಿದರೆ ಇರಲಿ ಎಂದು ಹೂವಮ್ಮ ಆ ಅಡಿಕೆಯನ್ನು ಮೇಜಿನ ಮೇಲೇ ಬಿಟ್ಟು ಬಂದಿದ್ದಾರೆ. ಹಲ್ಲನ್ನು ಮಾತ್ರ ವಾಪಸ್ ತಂದಿದ್ದಾರೆ, ಅದು ಸಾಕ್ಷಿ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಠಾಣೆಯ ಬಾಗಿಲಲ್ಲಿ.