ಕಾಕು ಗೋಡೆ ಬಡಿದ ಮೇಲೆ

ಬಿಸಿಎ ಮುಗಿಯಲು ನನಗೆ ಉಳಿದಿದ್ದು ಒಂದೇ ಒಂದು ಪ್ರಾಕ್ಟಿಕಲ್. ಸಿ ಭಾಷೆಯ ಪ್ರೋಗ್ರಾಮೊಂದು ಓಡುತ್ತಲೇ ತನಗೊಂದು ಮಗುವನ್ನು ಹುಟ್ಟಿಸಬೇಕು, ಆ ಮಗು ಲೆಕ್ಕ ಮಾಡಿ ಉತ್ತರವನ್ನು ತಾಯಿಗೆ ಒಪ್ಪಿಸಬೇಕು. ಮೊದಲ ಸಲ ತಾಯಿ ಸೊನ್ನೆ ತೋರಿಸಿದ್ದಳು. ‘ನಿಮ್ಮ ಕಂಪ್ಯೂಟರ್ ಕೆಟ್ಟೈತ್ರಿ’ ಎಂದು ಪರೀಕ್ಷಕರ ಮೇಲೆಯೇ ಏರಿಹೋಗಿ, ಫೇಲಾಗಿ ಬಂದೆ. ಇವತ್ತಿಗೂ ಹೇಳುತ್ತೇನೆ, ಆ ಕೀಬೋರ್ಡ್ ಮಾತ್ರ ಸರಿಯಿರಲಿಲ್ಲ.

ಕುಬಿಹಾಳದ ನಮ್ಮ ಮನೆ ಅಪ್ಪ, ಕಾಕಾ ಬೇರೆಯಾದಾಗ ಎರಡಾಯಿತು. ಒಲೆ ಬೇರೆ, ಪಾತ್ರೆ ಬೇರೆ, ನಡುವೆ ಗೋಡೆ. ಆದರೆ ಗೋಡೆ ಏಳುವ ಮೊದಲೇ ಅವ್ವ ಮತ್ತು ಕಾಕಾನ ಹೆಂಡತಿ ಕಾಕು ಹಟ ಹಿಡಿದು ಅದರಲ್ಲೊಂದು ಕಿಂಡಿ ಬಿಡಿಸಿದ್ದರು. ಕಾಕು ಪಲ್ಯ ಇಟ್ಟು ಗೋಡೆ ಬಡಿಯುತ್ತಾಳೆ, ಆಮೇಲೆ ಅವ್ವ ಕೈ ಹಾಕುತ್ತಾಳೆ. ಬರಿ ಬೋಗುಣಿ ವಾಪಸು ಹೋಗುವಂತಿಲ್ಲ. ಮೊದಲ ಪರೀಕ್ಷೆಯ ದಿನ ಕಾಕು ಬೋಗುಣಿ ತುಂಬ ಗೋದಿ-ಬೆಲ್ಲದ ಮಾದ್ಲಿ ಕೊಟ್ಟು, ‘ಪಾಸಾಗಿ ಬಂದು ನೀನ ತುಂಬಿ ಕೊಡು’ ಎಂದಿದ್ದಳು. ಆ ಬೋಗುಣಿ ನಮ್ಮ ಕಡೆಯೇ ಉಳಿಯಿತು. ಅದನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಕುಂದಗೋಳದ ಹೈಸ್ಕೂಲಿನವರು, ‘ಡಿಗ್ರಿ ಮುಗಿಸಿ ಬರ್ರಿ, ಕಂಪ್ಯೂಟರ್ ಕಲಿಸೂ ಕೆಲಸ ನಿಮಗ’ ಎಂದರು. ಎರಡನೇ ಸಲ ಪರೀಕ್ಷೆಗೆ ಕೂತೆ. ಮತ್ತೆ ಸೊನ್ನೆ!

ಹಲ್ಲು ಕಚ್ಚಿಕೊಂಡು ಪರದೆ ನೋಡಿದೆ. ಆಗ ಹೊಳೆಯಿತು. ಫೋರ್ಕ್ ಆದ, ಅಂದರೆ ಮಗು ಹುಟ್ಟಿದ ಕ್ಷಣವೇ ತಾಯಿ, ಮಗು ಬೇರೆ ಮನೆ. ಮಗು ತನ್ನ ಪಾತ್ರೆಯಲ್ಲಿ ಏನು ತುಂಬಿಕೊಂಡರೆ ತಾಯಿಗೇನು ಬಂತು? ಅಯ್ಯ, ನಾನು ಕಿಂಡಿಯನ್ನೇ ಬಿಟ್ಟಿರಲಿಲ್ಲ. ಫೋರ್ಕಿಗೆ ಮೊದಲು ಇಬ್ಬರಿಗೂ ಕೈಗೆಟಕುವ ಶೇರ್ಡ್ ಮೆಮೊರಿಯ ಕಿಂಡಿ ಬಿಟ್ಟೆ. ಓಡಿಸಿದೆ. ಹಾಳಾದ್ದು, ಆಗಲೂ ಸೊನ್ನೆ. ಮಗು ಉತ್ತರ ಇಡುವ ಮೊದಲೇ ತಾಯಿ ಕೈ ಹಾಕಿಬಿಟ್ಟಿದ್ದಳು. ತಾಯಿ ಓದುವ ಸಾಲಿಗೆ ಮೊದಲು, ಮಗು ಮುಗಿಸುವವರೆಗೆ ಕಾಯಿಸುವ ಒಂದು ವೇಟ್ ಸೇರಿಸಿದೆ.

ಉತ್ತರ ಬಂತು. ಸರಿಯಾದ ಉತ್ತರ!

‘ವೇಟ್ ಯಾಕ ಹಾಕಿದ್ರಿ?’ ಎಂದರು ಹೋದ ಸಲದ ಅದೇ ಪರೀಕ್ಷಕರು.

‘ಕಾಕು ಗ್ವಾಡಿ ಬಡಿಯೂತನಾ ಅವ್ವ ಕಿಂಡಿಗೆ ಕೈ ಹಾಕಂಗಿಲ್ರಿ’ ಎಂದೆ, ಮತ್ತು ನಮ್ಮ ಮನೆಯ ಗೋಡೆಯ ಕಥೆಯನ್ನೆಲ್ಲ ಹೇಳಿದೆ.

ಅವರು ನಕ್ಕು ಸಹಿ ಹಾಕಿದರು. ‘ಹೋಗ್ರಿ, ಪಾಸ್ ಆದ್ರಿ. ಇನ್ನ ಕಂಪ್ಯೂಟರ್ ಕೆಟ್ಟಿಲ್ಲಲ್ಲ?’

ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಸಂಜೆ ನಾನೇ ಮಾದ್ಲಿ ಮಾಡಿ, ತುಪ್ಪ ಸುರಿದು, ಬೋಗುಣಿಯನ್ನು ಕಿಂಡಿಯಲ್ಲಿಟ್ಟು ಗೋಡೆ ಬಡಿದೆ. ಊರಿಗೇ ಕೇಳಲಿ ಅನ್ನುವಷ್ಟು ಜೋರಾಗಿ ಬಡಿದೆ.

‘ತುಂಬೀ ಏನ ಲೇ?’ ಆಚೆಯಿಂದ ಕಾಕುವಿನ ದನಿ.

‘ತುಂಬೇನಿ ಕಾಕು. ತಗೋ.’

ಕಿಂಡಿಯಿಂದ ಕಾಕುವಿನ ಕೈ ಬಂತು. ಬೋಗುಣಿಯನ್ನು ಬಿಟ್ಟು ನನ್ನ ಕೈಯನ್ನೇ ಹಿಡಿದುಕೊಂಡಿತು.